ಧೂಲ್ ಎಷ್ಟು ಕುಗ್ಗುತ್ತದೆಂದು ಅಳೆದು ಎಫ್‌ಬಿಡಿ ಡ್ರೈಯರ್ ಹೊಂದಿಸುವುದು ಹೇಗೆ?

ಕೊಡಗಿನಲ್ಲಿ ಚಹಾ ಕಡಿಮೆ. ಹುದಿಕೇರಿ ಕಡೆಯ ಗ್ಲೆನ್‌ಲೋರ್ನದಂಥ ತೋಟ ಬಿಟ್ಟರೆ, ಕುಟ್ಟ ದಾಟಿ ಮಾನಂದವಾಡಿಯತ್ತ ಹೋದ ಮೇಲೇ ಚಹಾ ಗುಡ್ಡಗಳು ಕಣ್ಣಿಗೆ ಬೀಳುವುದು. ಕಾಫಿ ಒಣಗಿಸುವ ವಿಚಾರ ಕೇಳಿದರೆ ಊರಿಗೆ ಹತ್ತು ಜನ ಹೇಳಿಕೊಡುತ್ತಾರೆ. ಚಹಾ ಡ್ರೈಯರ್ ಮುಂದೆ ನಿಂತವರಿಗೆ ಕನ್ನಡದಲ್ಲಿ ಹೇಳುವವರು ಸಿಗುವುದಿಲ್ಲ. ಸಿಟಿಸಿ (ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ) ಫ್ಯಾಕ್ಟರಿಯಲ್ಲಿ ಡ್ರೈಯರ್ ನೋಡಿಕೊಳ್ಳುವವರು, ಸಣ್ಣ ಘಟಕ ಹಾಕಬೇಕೆಂದಿರುವ ಬೆಳೆಗಾರರು, ಪೊನ್ನಂಪೇಟೆಯಲ್ಲೋ ಮಡಿಕೇರಿಯಲ್ಲೋ ಓದುತ್ತ ಇದನ್ನೇ ಪ್ರಾಜೆಕ್ಟ್ ಮಾಡಿಕೊಂಡ ವಿದ್ಯಾರ್ಥಿಗಳು, ಇವರಿಗಾಗಿ ಈ ಬರಹ.

ಎಫ್‌ಬಿಡಿ ಎಂದರೆ ಫ್ಲೂಯಿಡೈಸ್ಡ್ ಬೆಡ್ ಡ್ರೈಯರ್. ತೂತಿನ ತಗಡಿನ ಮೇಲೆ ಧೂಲ್, ಅಂದರೆ ಕತ್ತರಿಸಿ ಫರ್ಮೆಂಟ್ ಆದ ಹಸಿ ಚಹಾ ಪುಡಿ, ಬೀಳುತ್ತದೆ, ಕೆಳಗಿನಿಂದ ಬಿಸಿಗಾಳಿ ನುಗ್ಗುತ್ತದೆ, ಕಣಗಳು ಎದ್ದು ಕುದಿಯುವ ನೀರಿನ ಹಾಗೆ ಹೊರಳುತ್ತ ಬಾಯಿಯಿಂದ ಇನ್ನೊಂದು ತುದಿಗೆ ಸಾಗುತ್ತವೆ. ಇದು ಎಲ್ಲರಿಗೂ ಗೊತ್ತು. ಆದರೆ ಬಾಯಿಗೆ ಬಿದ್ದ ಕಣ ಮತ್ತು ತುದಿಯಲ್ಲಿ ಹೊರಬಿದ್ದ ಕಣ ಒಂದೇ ಗಾತ್ರದ್ದಲ್ಲ ಎಂಬುದು ಡ್ಯಾಂಪರ್ (ಗಾಳಿ ಹೆಚ್ಚುಕಡಿಮೆ ಮಾಡುವ ಬಾಗಿಲು) ತಿರುಗಿಸುವಾಗ ನೆನಪಿರುವುದಿಲ್ಲ. ಧೂಲ್ ಹಾರಿಹೋಗುವುದು, ಒಳಗೆ ಹಸಿ ಉಳಿಯುವುದು, ತುದಿಯಲ್ಲಿ ಸೀದ ವಾಸನೆ ಬರುವುದು: ಡ್ರೈಯರ್ ಕೋಣೆಯ ಈ ತಕರಾರುಗಳಲ್ಲಿ ಬಹುಪಾಲು ಅಲ್ಲಿಂದಲೇ ಹುಟ್ಟುತ್ತವೆ.

ಮೊದಲು ಕಾಗದದ ಮೇಲೆ ಲೆಕ್ಕ

ಫರ್ಮೆಂಟೇಷನ್ ಮುಗಿಸಿ ಬರುವ ಸಿಟಿಸಿ ಧೂಲ್‌ನಲ್ಲಿ ಸಾಮಾನ್ಯವಾಗಿ ಶೇ 70ರ ಆಸುಪಾಸು ನೀರಿರುತ್ತದೆ. ಡ್ರೈಯರ್‌ನಿಂದ ಹೊರಬರುವಾಗ ಶೇ 3ರ ಸುತ್ತ ಇರಬೇಕು. 100 ಕಿಲೋ ಧೂಲ್ ಹಾಕಿದರೆ ಅದರಲ್ಲಿ ಒಣ ಪದಾರ್ಥ 30 ಕಿಲೋ. ಶೇ 3 ತೇವಾಂಶ ಸೇರಿ ಕೈಗೆ ಸಿಗುವ ಚಹಾ 31 ಕಿಲೋಗಿಂತ ಒಂದು ಚೂರು ಕಡಿಮೆ. ಉಳಿದ 69 ಕಿಲೋ ನೀರು ಆವಿಯಾಗಿ ಹೋಗಬೇಕು. ಅಂದರೆ ಒಂದು ಕಿಲೋ ಚಹಾಕ್ಕೆ ಎರಡೂಕಾಲು ಕಿಲೋದಷ್ಟು ನೀರು.

ನೀರು ಹೋದ ಜಾಗ ಏನಾಗುತ್ತದೆ? ಒಣ ಪದಾರ್ಥದ ಸಾಂದ್ರತೆ ನೀರಿನ ಸುಮಾರು 1.45 ಪಟ್ಟು ಎಂದಿಟ್ಟುಕೊಳ್ಳಿ. ಒಂದು ಕಿಲೋ ಒಣ ಪದಾರ್ಥ ಹಿಡಿಯುವ ಜಾಗ 0.69 ಲೀಟರ್, ಜೊತೆಗಿರುವ 2.33 ಕಿಲೋ ನೀರಿನದು 2.33 ಲೀಟರ್, ಒಟ್ಟು 3 ಲೀಟರ್. ನೀರು ಹೋದಷ್ಟೂ ಕಣ ಕುಗ್ಗಿದರೆ ಕೊನೆಗೆ ಉಳಿಯುವುದು 0.72 ಲೀಟರ್. ಅಂದರೆ ಗಾತ್ರ ಕಾಲು ಭಾಗಕ್ಕೆ ಇಳಿಯುತ್ತದೆ. 1 ಮಿಲಿಮೀಟರ್ ಅಗಲದ ಕಣ 0.62 ಮಿಲಿಮೀಟರ್ ಆಗುತ್ತದೆ, ಹೊರಮೈ ಮೊದಲಿನ ಶೇ 40ಕ್ಕೂ ಕೆಳಗೆ ಬರುತ್ತದೆ.

ಇದು ಪೂರ್ತಿ ಕುಗ್ಗಿದಾಗಿನ ಲೆಕ್ಕ. ನಿಜವಾದ ಕಣ ಇಷ್ಟು ಕುಗ್ಗುವುದಿಲ್ಲ. ನೀರು ತುಂಬ ಇರುವಷ್ಟು ಹೊತ್ತು ಜೀವಕೋಶಗಳು ಮೆತ್ತಗಿದ್ದು ಕುಸಿಯುತ್ತ ಹೋಗುತ್ತವೆ. ಕೊನೆಕೊನೆಗೆ ಗೋಡೆ ಗಟ್ಟಿಯಾಗಿ ನಿಂತುಬಿಡುತ್ತದೆ. ಆಮೇಲೆ ಹೋಗುವ ನೀರಿನ ಜಾಗದಲ್ಲಿ ಗಾಳಿ ತುಂಬುತ್ತದೆ. ಹಸಿ ಕಾಳುಮೆಣಸು ಅಂಗಳದಲ್ಲಿ ಒಣಗಿ ಸುಕ್ಕುಗಟ್ಟುವುದನ್ನು ನೋಡಿದವರಿಗೆ ಇದು ಹೊಸದಲ್ಲ: ಸಿಪ್ಪೆ ಒಳಗಿನ ಬೀಜಕ್ಕೆ ಅಂಟುವವರೆಗೆ ಕುಗ್ಗುತ್ತದೆ, ಆಮೇಲೆ ಎಷ್ಟು ಬಿಸಿಲು ಹೊಡೆದರೂ ಕಾಳಿನ ಗಾತ್ರ ಬದಲಾಗುವುದಿಲ್ಲ, ತೂಕ ಮಾತ್ರ ಇಳಿಯುತ್ತದೆ.

ಹೆಜ್ಜೆ 1: ನಿಮ್ಮ ಧೂಲ್ ಎಷ್ಟು ಕುಗ್ಗುತ್ತದೆಂದು ಅಳೆಯಿರಿ

ಬೇಕಾದದ್ದು ತಕ್ಕಡಿ, 250 ಮಿಲಿಲೀಟರ್‌ನ ಅಳತೆ ಜಾಡಿ, ತೇವಾಂಶ ನೋಡಲು ಓವನ್ ಅಥವಾ ಇನ್ಫ್ರಾರೆಡ್ ಮಾಪಕ, ಗ್ರಾಫ್ ಹಾಳೆ, ಮೊಬೈಲ್. ಡ್ರೈಯರ್ ಒಂದೇ ಹದದಲ್ಲಿ ಓಡುತ್ತಿರುವಾಗ ಬಾಯಿಯಲ್ಲಿ, ಮಧ್ಯದ ಕಿಟಕಿಗಳಲ್ಲಿ, ತುದಿಯಲ್ಲಿ ಮಾದರಿ ತೆಗೆಯಿರಿ. ತೆಗೆದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಬಿಸಿ ಮಾದರಿ ಒಂದೆರಡು ನಿಮಿಷ ತೆರೆದಿಟ್ಟರೂ ನೀರು ಬಿಡುತ್ತಲೇ ಇರುತ್ತದೆ, ಮಳೆಗಾಲದಲ್ಲಿ ಒಣ ಮಾದರಿ ಅಷ್ಟೇ ವೇಗವಾಗಿ ನೀರು ಎಳೆದುಕೊಳ್ಳುತ್ತದೆ.

ತೇವಾಂಶಕ್ಕೆ ಓವನ್ 103 ಡಿಗ್ರಿಯಲ್ಲಿಟ್ಟು ತೂಕ ಸ್ಥಿರವಾಗುವವರೆಗೆ ಒಣಗಿಸುವುದು ನಂಬಿಕೆಯ ದಾರಿ. ದಿನನಿತ್ಯಕ್ಕೆ ಇನ್ಫ್ರಾರೆಡ್ ಸಾಕು, ವಾರಕ್ಕೊಮ್ಮೆ ಓವನ್ ಜೊತೆ ತಾಳೆ ನೋಡಿಕೊಳ್ಳಿ.

ಇನ್ನು ಗಾತ್ರ. ಪ್ರತಿ ಮಾದರಿಯಿಂದ 50 ಗ್ರಾಂ ಜಾಡಿಗೆ ಸುರಿದು, ಮೇಜಿನ ಮೇಲೆ ಒಂದೇ ಎತ್ತರದಿಂದ ಒಂದೇ ಲೆಕ್ಕದಲ್ಲಿ ಕುಟ್ಟಿ, ಎಷ್ಟು ಮಿಲಿಲೀಟರ್ ಎಂದು ಓದಿ. ಇಲ್ಲೇ ಹೆಚ್ಚಿನವರು ಮೋಸ ಹೋಗುವುದು. ಬಾಯಿಯ 50 ಗ್ರಾಂ 140 ಮಿಲಿಲೀಟರ್ ತೋರಿಸಿತು, ತುದಿಯ 50 ಗ್ರಾಂ 135 ತೋರಿಸಿತು ಎಂದಿಟ್ಟುಕೊಳ್ಳಿ. "ಕುಗ್ಗಿಯೇ ಇಲ್ಲವಲ್ಲ!" ಎನಿಸುತ್ತದೆ. ಆದರೆ ಬಾಯಿಯ 50 ಗ್ರಾಂನಲ್ಲಿ ಒಣ ಪದಾರ್ಥ ಇರುವುದು 15 ಗ್ರಾಂ, ತುದಿಯದರಲ್ಲಿ 48.5 ಗ್ರಾಂ. ಒಂದು ಗ್ರಾಂ ಒಣ ಪದಾರ್ಥಕ್ಕೆ ಲೆಕ್ಕ ಹಾಕಿದರೆ ಬಾಯಿಯಲ್ಲಿ 9.3 ಮಿಲಿಲೀಟರ್, ತುದಿಯಲ್ಲಿ 2.8. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.30. ಇದನ್ನು ಕುಗ್ಗು ಅನುಪಾತ ಎನ್ನೋಣ. ಒಣ ಪದಾರ್ಥಕ್ಕೆ ತಿರುಗಿಸದೆ ಬರೆದಿಟ್ಟ ಯಾವ ಅಂಕಿಗೂ ಬೆಲೆಯಿಲ್ಲ.

ಜಾಡಿಯ ಲೆಕ್ಕದಲ್ಲಿ ಕಣಗಳ ನಡುವಿನ ಸಂದಿಯೂ ಸೇರಿರುತ್ತದೆ, ಹಸಿ ಧೂಲ್ ಅಂಟಿಕೊಂಡು ಪೊಳ್ಳಾಗಿ ನಿಲ್ಲುವುದರಿಂದ ಅನುಪಾತ ಸ್ವಲ್ಪ ಆಚೀಚೆ ಆಗುತ್ತದೆ. ಅದಕ್ಕೇ ಗ್ರಾಫ್ ಹಾಳೆ. ಒಂದು ಚಿಟಿಕೆ ಕಣ ಹಾಳೆಯ ಮೇಲೆ ಹರಡಿ, ನೇರ ಮೇಲಿಂದ ಫೋಟೋ ತೆಗೆದು, ದೊಡ್ಡದು ಮಾಡಿ ಐವತ್ತರವತ್ತು ಕಣಗಳ ಅಗಲ ಅಳೆದು ಸರಾಸರಿ ನೋಡಿ. ಅಗಲ ಮೂರನೇ ಎರಡು ಭಾಗದ ಹತ್ತಿರ ಬಂದಿದ್ದರೆ ಜಾಡಿ ಹೇಳಿದ 0.30ಕ್ಕೆ ಹೊಂದುತ್ತದೆ. ಎರಡೂ ತುಂಬ ದೂರವಿದ್ದರೆ ಮೊದಲು ಜಾಡಿ ಕುಟ್ಟಿದ್ದನ್ನು ಅನುಮಾನಿಸಿ.

ಹೆಜ್ಜೆ 2: ಗಾಳಿಯನ್ನು ಬಾಯಿಗೊಂದು, ತುದಿಗೊಂದು ಎಂದು ಹಂಚಿ

ಕಣ ಎದ್ದು ಹೊರಳಲು ಬೇಕಾದ ಕನಿಷ್ಠ ಗಾಳಿಯ ವೇಗ ಅದರ ಅಗಲ ಮತ್ತು ಸಾಂದ್ರತೆಯ ಮೇಲೆ ನಿಂತಿದೆ. ವೆನ್ ಮತ್ತು ಯು 1966ರಲ್ಲಿ ಕೊಟ್ಟ ಸೂತ್ರ ಇಂದಿಗೂ ಎಂಜಿನಿಯರಿಂಗ್ ಪಠ್ಯದಲ್ಲಿದೆ. ಕಣ ಗುಂಡಗಿದೆ ಎಂದುಕೊಂಡು, ನಮ್ಮ ಎತ್ತರದ ಗಾಳಿ ಹಿಡಿದು ಲೆಕ್ಕ ಹಾಕಿದರೆ, 120 ಡಿಗ್ರಿ ಗಾಳಿಯಲ್ಲಿ 1 ಮಿಲಿಮೀಟರ್‌ನ ಹಸಿ ಕಣಕ್ಕೆ ಸೆಕೆಂಡಿಗೆ ಸುಮಾರು 0.25 ಮೀಟರ್ ಬರುತ್ತದೆ. ಅದೇ ಕಣ 0.65 ಮಿಲಿಮೀಟರ್ ಆಗಿ ತುದಿಗೆ ಬಂದಾಗ, 90 ಡಿಗ್ರಿ ಗಾಳಿಯಲ್ಲಿ, ಸುಮಾರು 0.14. ಹೆಚ್ಚೂಕಡಿಮೆ ಅರ್ಧ. ಹಸಿ ಧೂಲ್ ಒಂದಕ್ಕೊಂದು ಅಂಟುವುದನ್ನು ಈ ಸೂತ್ರ ಕಾಣುವುದೇ ಇಲ್ಲ, ಹಾಗಾಗಿ ಬಾಯಿಯಲ್ಲಿ ನಿಜಕ್ಕೂ ಬೇಕಾಗುವುದು ಇದಕ್ಕಿಂತ ಹೆಚ್ಚು. ಅಂಕಿಗಳನ್ನೇ ಡ್ಯಾಂಪರ್‌ಗೆ ಹಚ್ಚಬೇಡಿ, ಎರಡರ ನಡುವಿನ ಅಂತರವನ್ನು ಮನಸ್ಸಿನಲ್ಲಿಡಿ.

ಎಲ್ಲ ಡ್ಯಾಂಪರ್ ಒಂದೇ ಗುರುತಿನಲ್ಲಿದ್ದರೆ ಎರಡರಲ್ಲಿ ಒಂದು ತಪ್ಪಿದ್ದಲ್ಲ. ಬಾಯಿಗೆ ಸಾಕಾಗುವಷ್ಟು ಗಾಳಿ ಇಟ್ಟರೆ ತುದಿಯಲ್ಲಿ ಸಣ್ಣ ಕಣ, ಡಸ್ಟ್, ನಾರು ಎಲ್ಲ ಹಾರಿ, ಹೊರಹೋಗುವ ಗಾಳಿಯಿಂದ ಪುಡಿ ಹಿಡಿಯುವ ಸೈಕ್ಲೋನ್ ಸೇರುತ್ತವೆ. ತುದಿಗೆ ಹೊಂದಿಸಿದರೆ ಬಾಯಿಯಲ್ಲಿ ಧೂಲ್ ಮಲಗುತ್ತದೆ, ಗಾಳಿ ನಾಲ್ಕಾರು ಕಡೆ ಬಿಲ ಕೊರೆದುಕೊಂಡು ಹೋಗುತ್ತದೆ, ಉಳಿದದ್ದು ಅಲ್ಲೇ ಬೇಯುತ್ತದೆ.

ಮಾಡಬೇಕಾದದ್ದು ಹೀಗೆ. ಮೊದಲು ಬಾಯಿಯ ಡ್ಯಾಂಪರ್ ಪೂರ್ತಿ ತೆರೆದು ಧೂಲ್ ಬಿಡಿ, ಮೇಲ್ಮೈ ಎಲ್ಲೂ ಸುಮ್ಮನೆ ಕೂರದೆ ಹೊರಳುವ ಮಟ್ಟಕ್ಕೆ ನಿಧಾನ ಇಳಿಸಿ. ನಂತರ ತುದಿಗೆ ಹೋಗಿ, ಅಲ್ಲಿ ಕಡಿಮೆಯಿಂದ ಶುರು ಮಾಡಿ, ಹೊರಳಲು ಆರಂಭಿಸಿದ ಕೂಡಲೇ ಅದಕ್ಕಿಂತ ಒಂದು ಬೆರಳು ಮಾತ್ರ ಹೆಚ್ಚು ತೆರೆದು ನಿಲ್ಲಿಸಿ. ಮಧ್ಯದವನ್ನು ಕೊನೆಗೆ, ಎರಡರ ನಡುವೆ ಇಳಿಜಾರಾಗಿ. ಸೈಕ್ಲೋನ್ ಕೆಳಗಿನ ಚೀಲವನ್ನು ಪ್ರತಿ ಪಾಳಿ ತೂಗಿ. ಚೀಲ ತುಂಬುತ್ತಿದ್ದರೆ ತುದಿಯ ಡ್ಯಾಂಪರ್ ನೋಡಿ, ಬಾಯಿಯದಕ್ಕೆ ಕೈ ಹಚ್ಚಬೇಡಿ.

ಡ್ರೈಯರ್ ಜೊತೆ ಬಂದ ಫ್ಯಾನ್ ಚಾರ್ಟ್ ನಂಬುವ ಮುನ್ನ ಅದು ಯಾವ ಎತ್ತರಕ್ಕೆ ಬರೆದದ್ದೆಂದು ಕೇಳಿ. ಮಡಿಕೇರಿ ಸಮುದ್ರಮಟ್ಟದಿಂದ 1,150 ಮೀಟರ್‌ನಷ್ಟು ಮೇಲಿದೆ. ಅಲ್ಲಿನ ಗಾಳಿ ಕರಾವಳಿಯದಕ್ಕಿಂತ ಶೇ 12ರಷ್ಟು ಹಗುರ. ಅಷ್ಟೇ ವೇಗದಲ್ಲಿ ಓಡಿದರೂ ಫ್ಯಾನ್ ಹೊತ್ತು ತರುವ ಗಾಳಿಯ ತೂಕ ಕಡಿಮೆ, ಬಿಸಿಯೂ ಕಡಿಮೆ.

ಹೆಜ್ಜೆ 3: ಯು-ಟ್ಯೂಬ್ ಓದಲು ಕಲಿಯಿರಿ

ಇದು ನನ್ನ ಲೆಕ್ಕದಲ್ಲಿ ಡ್ರೈಯರ್‌ನ ಅತಿ ಅಗ್ಗದ, ಅತಿ ಕಡೆಗಣಿಸಿದ ಸಾಧನ. ಪಾರದರ್ಶಕ ಪೈಪ್ ಬಗ್ಗಿಸಿ, ಬಣ್ಣದ ನೀರು ಹಾಕಿ, ಒಂದು ತುದಿ ತಗಡಿನ ಸ್ವಲ್ಪ ಮೇಲೆ, ಇನ್ನೊಂದು ಬೆಡ್‌ನ ಮೇಲಿನ ಜಾಗಕ್ಕೆ ಕೊಟ್ಟರೆ ಆಯಿತು. ಧೂಲ್ ಪೂರ್ತಿ ಎದ್ದಿರುವಾಗ ನೀರಿನ ಎರಡು ಮಟ್ಟಗಳ ನಡುವಿನ ವ್ಯತ್ಯಾಸ, ಮಿಲಿಮೀಟರ್‌ನಲ್ಲಿ, ಒಂದು ಚದರ ಮೀಟರ್ ಮೇಲೆ ಇರುವ ಧೂಲ್‌ನ ಕಿಲೋ ಲೆಕ್ಕಕ್ಕೆ ಸಮ. 30 ಮಿಲಿಮೀಟರ್ ಎಂದರೆ ಚದರ ಮೀಟರಿಗೆ 30 ಕಿಲೋ. ಯಾವ ಗುಣಾಕಾರವೂ ಬೇಡ.

ಒಂದೇ ಬ್ಯಾಚ್ ಹಾಕಿ ಒಣಗಿಸುವ ಸಣ್ಣ ಡ್ರೈಯರ್‌ನಲ್ಲಿ ಇದರಿಂದ ತೇವಾಂಶವನ್ನೇ ಅಂದಾಜು ಮಾಡಬಹುದು. 30ರಿಂದ ಶುರುವಾದದ್ದು 9.3ಕ್ಕೆ ಬಂದಾಗ ಶೇ 70 ಇದ್ದ ಧೂಲ್ ಶೇ 3ಕ್ಕೆ ಬಂದಿದೆ ಎಂದರ್ಥ, ಕಣ ಹಾರಿಹೋಗಿಲ್ಲದಿದ್ದರೆ. ತೂಕದ ಲೆಕ್ಕದಂತೆ ಇಳಿಯಬೇಕಾದದ್ದಕ್ಕಿಂತ ವೇಗವಾಗಿ ಇಳಿದರೆ, ಅದು ಒಣಗುತ್ತಿರುವುದಲ್ಲ, ಸೈಕ್ಲೋನ್‌ಗೆ ಹೋಗುತ್ತಿರುವುದು, ಇಲ್ಲವೇ ಗಾಳಿ ಬಿಲ ಕೊರೆದಿರುವುದು. ಸೂಜಿಯಂತೆ ನೀರಿನ ಮಟ್ಟ ಕುಣಿಯುತ್ತಿದ್ದರೆ ಹಸಿ ಗಂಟುಗಳಿವೆ. ಆಗ ಡ್ರೈಯರ್ ಬಿಟ್ಟು ಹಿಂದಕ್ಕೆ ಹೋಗಿ, ಧೂಲ್‌ನ ಉಂಡೆ ಒಡೆಯುವ ಗೂಗಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ನೋಡಿ.

ಹೆಜ್ಜೆ 4: ಸಮಯ ಎಲ್ಲಿ ಕಳೆಯುತ್ತಿದೆ ಎಂದು ಗುರುತಿಸಿ

ಉದ್ದದ ಎಫ್‌ಬಿಡಿಯಲ್ಲಿ ಧೂಲ್ ನೀರಿನಂತೆ ಹರಿಯುವುದರಿಂದ ಬೆಡ್‌ನ ಎತ್ತರ ಬಾಯಿಯಿಂದ ತುದಿಯವರೆಗೆ ಹೆಚ್ಚೂಕಡಿಮೆ ಒಂದೇ ಇರುತ್ತದೆ, ತುದಿಯ ತಡೆಪಟ್ಟಿ ಅದನ್ನು ಹಿಡಿದಿಡುತ್ತದೆ. ಈಗ ಹೆಜ್ಜೆ 1ರ ಅಂಕಿ ನೆನಪಿಸಿಕೊಳ್ಳಿ. ಬಾಯಿಯ ಒಂದು ಅಡಿಯಲ್ಲಿ ಇರುವ ಒಣ ಪದಾರ್ಥಕ್ಕಿಂತ ತುದಿಯ ಒಂದು ಅಡಿಯಲ್ಲಿ ಇರುವುದು ಮೂರು ಪಟ್ಟಿಗೂ ಹೆಚ್ಚು, ಏಕೆಂದರೆ ಅಲ್ಲಿ ಕಣ ಕುಗ್ಗಿ ಒತ್ತೊತ್ತಾಗಿದೆ. ಗಂಟೆಗೆ ಎರಡೂ ಕಡೆ ಹಾದುಹೋಗುವ ಒಣ ಪದಾರ್ಥ ಮಾತ್ರ ಒಂದೇ. ಹಾಗಾದರೆ ಕಣ ತುದಿಯ ಅಡಿಯಲ್ಲಿ ಬಾಯಿಯ ಅಡಿಗಿಂತ ಮೂರು ಪಟ್ಟು ಹೆಚ್ಚು ಹೊತ್ತು ನಿಲ್ಲುತ್ತದೆ!

ಒಟ್ಟು 20 ನಿಮಿಷ ಎಂದ ಕೂಡಲೇ ನಾಲ್ಕು ಭಾಗಕ್ಕೆ ಐದೈದು ನಿಮಿಷ ಎಂದು ಹಂಚಿಬಿಡುವುದು ರೂಢಿ. ಅದು ಕುಗ್ಗದ ವಸ್ತುವಿಗೆ ಸರಿ. ಧೂಲ್ ಬಾಯಿಯ ಭಾಗವನ್ನು ಬೇಗ ದಾಟಿ, ಸಾಗಿದಂತೆಲ್ಲ ನಿಧಾನವಾಗುತ್ತದೆ. ನೀರು ಹೆಚ್ಚು ಕಳೆಯಬೇಕಾದ ಕಡೆ ಸಮಯ ಕಡಿಮೆ, ಕಳೆಯಲು ನೀರೇ ಇಲ್ಲದ ಕಡೆ ಸಮಯ ಜಾಸ್ತಿ. ಸೀದ ವಾಸನೆಗೆ ಹೀಟರ್ ಕಾರಣವೆಂದು ದೂರುವ ಮುನ್ನ ತುದಿಯಲ್ಲಿ ಚಹಾ ಎಷ್ಟು ಹೊತ್ತು ಕುಳಿತಿದೆ ನೋಡಬೇಕು.

ಎರಡು ದಾರಿಯಿದೆ. ಬಿಸಿಯನ್ನು ಬಾಯಿಯ ಕಡೆಗೆ ತಳ್ಳುವುದು ಒಂದು: ಹೆಚ್ಚಿನ ಫ್ಯಾಕ್ಟರಿಗಳಲ್ಲಿ ಬಾಯಿಯ ಗಾಳಿ 120ರಿಂದ 140 ಡಿಗ್ರಿ, ಮಧ್ಯದಲ್ಲಿ 100ರಿಂದ 110, ತುದಿಯಲ್ಲಿ 80ರಿಂದ 90 ಇಡುವುದು ಇದಕ್ಕೇ. ಹಸಿ ಕಣದಿಂದ ನೀರು ಆವಿಯಾಗುವಾಗ ಕಣ ತಾನೇ ತಂಪಾಗಿರುವುದರಿಂದ ಅಷ್ಟು ಬಿಸಿ ತಡೆದುಕೊಳ್ಳುತ್ತದೆ. ಒಣಗಿದ ಕಣಕ್ಕೆ ಆ ರಕ್ಷಣೆ ಇಲ್ಲ. ಇನ್ನೊಂದು, ತುದಿಯ ತಡೆಪಟ್ಟಿ ಇಳಿಸುವುದು. ಸ್ವಲ್ಪವೇ ಇಳಿಸಿ, ಅರ್ಧ ಗಂಟೆ ಬಿಟ್ಟು ತುದಿಯ ತೇವಾಂಶ ನೋಡಿ, ಆಮೇಲೆ ಮುಂದಿನದು. ಬಿಸಿ ಮತ್ತು ಪಟ್ಟಿ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಹೆಜ್ಜೆ 5: ಹೊರಪದರ ಬೇಗ ಗಟ್ಟಿಯಾಯಿತೇ ಎಂದು ಪರೀಕ್ಷಿಸಿ

ಬಾಯಿಯ ಬಿಸಿ ಮಿತಿಮೀರಿದರೆ ಕಣದ ಹೊರಮೈ ಒಳಗಿನಿಂದ ನೀರು ಬರುವುದಕ್ಕಿಂತ ಮೊದಲೇ ಒಣಗಿ ಚಿಪ್ಪಾಗುತ್ತದೆ. ಚಿಪ್ಪು ಕುಗ್ಗುವುದಿಲ್ಲ. ಒಳಗಿನ ನೀರು ಹೊರಬರಲು ದಾರಿ ಉದ್ದವಾಗಿಯೇ ಉಳಿಯುತ್ತದೆ. ಸರಿಯಾಗಿ ಕುಗ್ಗಿದ ಕಣದಲ್ಲಿ ದಾರಿ 0.62 ಪಟ್ಟಾದರೆ, ನೀರು ಹೊರಬರಲು ಬೇಕಾದ ಸಮಯ ದಾರಿಯ ವರ್ಗಕ್ಕೆ ತಕ್ಕಂತೆ ಇಳಿದು 0.38 ಪಟ್ಟಾಗುತ್ತದೆ. ಕುಗ್ಗುವುದು ಒಣಗುವುದಕ್ಕೆ ಸಹಾಯ ಮಾಡುತ್ತದೆ ಎನ್ನುವುದು ಇಲ್ಲೇ. ಚಿಪ್ಪಾದ ಕಣಕ್ಕೆ ಈ ಲಾಭ ಇಲ್ಲ.

ತುದಿಯಿಂದ ಬಂದ ಒಂದು ದಪ್ಪ ಕಣ ಹೆಬ್ಬೆರಳಿನ ಉಗುರಿನಿಂದ ಬಿಳಿ ಹಾಳೆಯ ಮೇಲೆ ಒತ್ತಿ. ಸರಿಯಾದದ್ದು ಟಕ್ಕನೆ ಒಡೆದು ಪುಡಿಯಾಗುತ್ತದೆ, ಒಳಗೂ ಹೊರಗೂ ಒಂದೇ ಬಣ್ಣ. ಚಿಪ್ಪಾದದ್ದು ಮೊದಲು ತಡೆದು, ಆಮೇಲೆ ಜಜ್ಜಿ ಹೋಗುತ್ತದೆ, ಮಧ್ಯದಲ್ಲಿ ಕಪ್ಪು ಮೆತ್ತನೆ ಚುಕ್ಕೆ ಹಾಳೆಗೆ ಅಂಟುತ್ತದೆ. ಅನುಮಾನವಿದ್ದರೆ ಅದೇ ಮಾದರಿಯ ಅರ್ಧವನ್ನು ಹಾಗೇ, ಇನ್ನರ್ಧವನ್ನು ಬೇಗನೆ ಪುಡಿ ಮಾಡಿ ಇನ್ಫ್ರಾರೆಡ್‌ನಲ್ಲಿಡಿ. ಪುಡಿಯ ತೇವಾಂಶ ಗಮನಕ್ಕೆ ಬರುವಷ್ಟು ಹೆಚ್ಚು ಬಂದರೆ ನೀರು ಒಳಗೆ ಸಿಕ್ಕಿಕೊಂಡಿದೆ. ಮಳೆಗಾಲದಲ್ಲಿ ಪುಡಿಗೆ ಹೊರಗಿನ ತೇವ ಸೇರಿ ಸುಳ್ಳು ಹೇಳಬಹುದು, ಪುಡಿ ಮಾಡಿದ್ದು ತಕ್ಕಡಿಗೆ ಹೋಗುವವರೆಗೆ ಮಾತಿಗೆ ನಿಲ್ಲಬೇಡಿ.

ಕುಗ್ಗು ಅನುಪಾತವೂ ಇದನ್ನೇ ಹೇಳುತ್ತದೆ. ನಿಮ್ಮ ಫ್ಯಾಕ್ಟರಿಯಲ್ಲಿ ಒಳ್ಳೆಯ ದಿನ 0.30 ಬರುತ್ತಿದ್ದದ್ದು 0.38, 0.40ರತ್ತ ಏರಿದರೆ, ಅದೇ ಎಲೆ, ಅದೇ ಕಟ್ ಆಗಿದ್ದಲ್ಲಿ, ಬಾಯಿಯ ಬಿಸಿ ಇಳಿಸುವ ಸಮಯ ಬಂದಿದೆ. ಇಂಥ ಚಹಾ ಚೀಲಕ್ಕೆ ಹಗುರವಾಗಿ ತುಂಬುತ್ತದೆ, ಜರಡಿಯಲ್ಲಿ ಒಂದು ಗ್ರೇಡ್ ಮೇಲೆ ಹೋಗಿ ಕೂರುತ್ತದೆ, ಒಳಗಿನ ತೇವ ಹೊರಗೆ ಹರಡಿ ಕೆಲವೇ ದಿನಗಳಲ್ಲಿ ಮೆತ್ತಗಾಗುತ್ತದೆ. ದೊಡ್ಡ ಗ್ರೇಡ್ ಬಂತೆಂದು ಖುಷಿಪಡುವವರನ್ನು ನೋಡಿ ನಗು ಬರುತ್ತದೆ.

ಉಲ್ಟಾ ತಪ್ಪೂ ಇದೆ. ಗಾಳಿ ತೀರ ತಣ್ಣಗಿದ್ದು ಹೊರಹೋಗುವ ಗಾಳಿ 50 ಡಿಗ್ರಿಗಿಂತ ಕೆಳಗಿಳಿದರೆ ಕಣ ಚೆನ್ನಾಗಿಯೇ ಕುಗ್ಗುತ್ತದೆ, ಆದರೆ ಕಿಣ್ವಗಳು ನಿಲ್ಲದೆ ಫರ್ಮೆಂಟೇಷನ್ ಡ್ರೈಯರ್ ಒಳಗೂ ಮುಂದುವರಿದು ಚಹಾ ಬೆಂದಂತಾಗುತ್ತದೆ, ಲೋಟದಲ್ಲಿ ಚುರುಕು ಇರುವುದಿಲ್ಲ. ಹಳೆಯ ಇಸಿಪಿ (ಚೈನಿನ ಮೇಲೆ ಸಾಗುವ ತಟ್ಟೆಗಳ) ಡ್ರೈಯರ್ ಕಾಲದಿಂದ ಬಂದ ಒಂದು ಅಳತೆ ಈಗಲೂ ಕೈಗೆ ಬರುತ್ತದೆ: ನಿಮಿಷಕ್ಕೆ ಶೇ 2.8ರಿಂದ 3.6ರಷ್ಟು ತೇವಾಂಶ ಇಳಿಯಬೇಕು. ಶೇ 70ರಿಂದ 3ಕ್ಕೆ ಅದು 19ರಿಂದ 24 ನಿಮಿಷ. ಎಫ್‌ಬಿಡಿ ಇದಕ್ಕಿಂತ ಸ್ವಲ್ಪ ಚುರುಕಾಗಿ ಓಡಿದರೂ ತಡೆದುಕೊಳ್ಳುತ್ತದೆ, ಏಕೆಂದರೆ ಪ್ರತಿ ಕಣಕ್ಕೂ ಸುತ್ತಲೂ ಗಾಳಿ ತಾಗುತ್ತದೆ.

ಮಳೆಗಾಲದ ಮಾತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡ್ರೈಯರ್ ನಿಧಾನವಾಯಿತೆಂದರೆ ಎಲ್ಲರೂ ಹೊರಗಿನ ತೇವದ ಗಾಳಿಯನ್ನೇ ಬೈಯುತ್ತಾರೆ. ಲೆಕ್ಕ ಬೇರೆ ಹೇಳುತ್ತದೆ. 22 ಡಿಗ್ರಿಯಲ್ಲಿ ಶೇ 95 ಆರ್ದ್ರತೆಯ ಗಾಳಿಯನ್ನು 120ಕ್ಕೆ ಕಾಯಿಸಿದರೆ ಅದರ ಆರ್ದ್ರತೆ ಶೇ 1.5ಕ್ಕೂ ಕೆಳಗಿಳಿಯುತ್ತದೆ. ಬಾಯಿಯಲ್ಲಿ ನೀರು ಹೀರುವ ಶಕ್ತಿಗೆ ಅದರಿಂದ ದೊಡ್ಡ ಪೆಟ್ಟಿಲ್ಲ. ನಿಜವಾದ ತೊಂದರೆ ಮೂರು ಕಡೆ: ಬಾಡಿಸುವ ತೊಟ್ಟಿಯಲ್ಲಿ ಎಲೆ ಸರಿಯಾಗಿ ಬಾಡದೆ ಧೂಲ್ ಶೇ 70ಕ್ಕಿಂತ ಹೆಚ್ಚು ನೀರು ಹೊತ್ತು ಬರುತ್ತದೆ; ಹಸಿ ಸೌದೆಯಿಂದ ಹೀಟರ್ ಏರುವುದಿಲ್ಲ; ತಂಪು ಮಾಡುವ ಕೊನೆಯ ಭಾಗದಲ್ಲಿ ಕಾಯಿಸದ ಗಾಳಿ ಚಹಾದ ಮೇಲೆ ಹಾಯುತ್ತದೆ.

ಮೊದಲನೆಯದು ಕುಗ್ಗುವಿಕೆಗೆ ನೇರ ಸಂಬಂಧಿಸಿದ್ದು. ಶೇ 70 ಬದಲು 74 ಇದ್ದರೆ ಒಂದು ಕಿಲೋ ಒಣ ಪದಾರ್ಥದ ಜೊತೆ ಬರುವ ನೀರು 2.33ರಿಂದ 2.85 ಕಿಲೋಗೆ ಏರುತ್ತದೆ. ನಾಲ್ಕು ಅಂಕ ಎಂದು ಕಾಣುವುದು ಕೆಲಸದಲ್ಲಿ ಶೇ 22 ಹೆಚ್ಚು. ಬಾಯಿಯಲ್ಲಿ ಕಣ ಉಬ್ಬಿ, ಅಂಟಿ, ಬೇಗ ದಾಟಿಹೋಗುತ್ತದೆ. ಬಿಸಿ ಏರಿಸಿ ಸರಿಮಾಡಲು ಹೋದರೆ ಚಿಪ್ಪು. ಧೂಲ್ ಬಿಡುವುದನ್ನು ಕಡಿಮೆ ಮಾಡಿ, ಅಷ್ಟೇ. ಸೌದೆಯನ್ನು ಮೇ ತಿಂಗಳೊಳಗೆ ಶೆಡ್ ಸೇರಿಸಬೇಕೆಂದು ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ತಂಪು ಮಾಡುವ ಗಾಳಿಯನ್ನು ಮಳೆಯ ದಿನ ಹೀಟರ್ ಕೋಣೆಯ ಒಳಗಿನಿಂದ ಎಳೆದುಕೊಂಡರೆ ಒಳ್ಳೆಯದು, ಚಹಾ ಪೂರ್ತಿ ತಣ್ಣಗಾಗುವವರೆಗೆ ಕಾಯದೆ ಕೈಗೆ ತುಸು ಬೆಚ್ಚಗಿರುವಾಗಲೇ ಹೊರತೆಗೆಯಿರಿ.

ಕರೆಂಟ್ ಹೋಗುವುದಂತೂ ಇದ್ದದ್ದೇ. ಫ್ಯಾನ್ ನಿಂತ ಕ್ಷಣ ಬೆಡ್ ಕುಸಿಯುತ್ತದೆ. ತುದಿಯ ಒಣ ಚಹಾ ಮತ್ತೆ ಗಾಳಿ ಬಂದರೆ ತಾನೇ ಏಳುತ್ತದೆ. ಬಾಯಿಯ ಹಸಿ ಧೂಲ್ ಬಿಸಿ ತಗಡಿನ ಮೇಲೆ ಕುಳಿತು, ಕುಗ್ಗುತ್ತ ಒಂದಕ್ಕೊಂದು ಬೆಸೆದು ಚಪ್ಪಡಿಯಾಗುತ್ತದೆ. ಜನರೇಟರ್ ಹತ್ತಿಸುವ ಮೊದಲೇ ಧೂಲ್ ಬರುವುದನ್ನು ನಿಲ್ಲಿಸಿ, ಬಿಸಿಗಾಳಿಯ ಡ್ಯಾಂಪರ್ ಮುಚ್ಚಿ. ಫ್ಯಾನ್ ಬಂದ ಮೇಲೆ ತಣ್ಣನೆ ಗಾಳಿಯಲ್ಲೇ ಮರದ ಕುಂಟೆಯಿಂದ ಬಾಯಿಯ ಭಾಗ ಕೆದಕಿ ಎಬ್ಬಿಸಿ, ನಂತರ ಬಿಸಿ ಬಿಡಿ. ಆ ಹೊತ್ತಿನ ಚಹಾವನ್ನು ಬೇರೆ ಚೀಲದಲ್ಲಿಡಿ, ಒಳ್ಳೆಯದರ ಜೊತೆ ಬೆರೆಸಬೇಡಿ.

ಪ್ರಾಜೆಕ್ಟ್ ಮಾಡುವವರಿಗೆ

ಒಣಗುವ ವೇಗದಿಂದ ತೇವಾಂಶದ ವಿಸರಣ ಗುಣಾಂಕ ಕಂಡುಹಿಡಿಯುವಾಗ ಕಣದ ತ್ರಿಜ್ಯವನ್ನು ಮೊದಲಿನದೇ ಇಟ್ಟು ಲೆಕ್ಕ ಮಾಡಿದರೆ ಗುಣಾಂಕ ಇರುವುದಕ್ಕಿಂತ ಹೆಚ್ಚು ಬರುತ್ತದೆ, ದಾರಿ ಉದ್ದವಾಗಿದ್ದರೂ ನೀರು ಬೇಗ ಬಂತೆಂದು ಸೂತ್ರ ತಿಳಿದುಕೊಳ್ಳುತ್ತದೆ. ಪ್ರತಿ ಹಂತದಲ್ಲಿ ಅಳೆದ ತೇವಾಂಶಕ್ಕೆ ತಕ್ಕ ತ್ರಿಜ್ಯ ಹಾಕಿ. ಎಫ್‌ಬಿಡಿಯಲ್ಲಿ ಕಪ್ಪು ಚಹಾ ಒಣಗುವುದರ ಬಗ್ಗೆ ಟೆಂಪಲ್ ಮತ್ತು ವಾನ್ ಬಾಕ್ಸ್ಟೆಲ್ 1990ರ ದಶಕದ ಕೊನೆಯಲ್ಲಿ ಮಾಡಿದ ಕೆಲಸ ಹುಡುಕಿ ಓದಿ. ವಾಲ್ಪಾರೈಯ ಉಪಾಸಿ ಚಹಾ ಸಂಶೋಧನಾ ಪ್ರತಿಷ್ಠಾನ ದಕ್ಷಿಣ ಭಾರತದ ಎಲೆಯ ಮೇಲೆಯೇ ಕೆಲಸ ಮಾಡುವ ಸಂಸ್ಥೆ.

ಡ್ರೈಯರ್ ಪಕ್ಕದಲ್ಲಿ ಒಂದು ಪುಸ್ತಕ ನೇತುಹಾಕಿ. ದಿನಾಂಕ, ಬಾಯಿಯ ಮತ್ತು ತುದಿಯ ತೇವಾಂಶ, ಜಾಡಿಯ ಎರಡು ಓದು, ಕುಗ್ಗು ಅನುಪಾತ, ಪ್ರತಿ ಡ್ಯಾಂಪರ್‌ನ ಗುರುತು, ಯು-ಟ್ಯೂಬ್ ಮಟ್ಟ, ಸೈಕ್ಲೋನ್ ಚೀಲದ ತೂಕ, ಇಷ್ಟು ಬರೆಯಿರಿ. ಮಳೆ ಇತ್ತೋ ಇಲ್ಲವೋ ಎಂಬುದಕ್ಕೂ ಒಂದು ಕಾಲಂ ಇರಲಿ. ಎಲೆ ಬಂದ ತೋಟದ ಭಾಗವನ್ನೂ ಬರೆದರೆ, ಹೊಸ ಚಿಗುರು ಮತ್ತು ಬಲಿತ ಎಲೆ ಬೇರೆ ಬೇರೆಯಾಗಿ ಕುಗ್ಗುವುದು ನಿಮ್ಮ ಕೈಬರಹದಲ್ಲೇ ಸಿಗುತ್ತದೆ. ನಾರು ಹೆಚ್ಚಿದ್ದ ಎಲೆಗೆ ಬಂದ ಅಂಕಿಯನ್ನು ಚಿಗುರಿನ ಅಂಕಿಯ ಪಕ್ಕದಲ್ಲಿಟ್ಟು ಡ್ಯಾಂಪರ್ ತಿರುಗಿಸಬೇಡಿ, ಎರಡಕ್ಕೂ ಬೇರೆ ಪುಟ ಇಡಿ.